ಹುಣಸೆಹುಳಿಯಲ್ಲಿ ತೊಳೆದ ಕಲ್ಲು

ಹೊಟ್ಟೆಕಿಚ್ಚು ನನಗೆ ಹೊಸದಲ್ಲ. ಬೆಟಗೇರಿಯಲ್ಲಿ ಚಿಕ್ಕವಳಿದ್ದಾಗ ಪಕ್ಕದ ಬೆಂಚಿನವಳ ಕಂಪಾಸ್ ಬಾಕ್ಸ್ ನೋಡಿ ಪಟ್ಟಿದ್ದೇನೆ. ಕಾಲೇಜಿನಲ್ಲಿ, ಮನೆಯಲ್ಲೇ ಇಂಗ್ಲಿಷ್ ಕೇಳಿ ಬೆಳೆದ ಹುಡುಗಿಯರನ್ನು ನೋಡಿ ಪಟ್ಟಿದ್ದೇನೆ. ಆದರೆ ನನ್ನ ಬಳಗವೇ ಅಲ್ಲದ ಏಳು ಮಂದಿ ಬಿಳಿಯರ ಗೋರಿಕಲ್ಲಿಗಾಗಿ, ಅದೂ ನಲವತ್ತು ದಾಟಿದ ಮೇಲೆ, ಹೊಟ್ಟೆ ಉರಿಸಿಕೊಳ್ಳುತ್ತೀ ಎಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ಆ ಕಲ್ಲುಗಳು ನಮ್ಮ ಲ್ಯಾಬಿನ ಹಿರಿಯಾಕೆಯ ಮನೆತನದವು. ಅಮೆರಿಕದ ಕೆರೊಲಿನಾದಲ್ಲಿ, ಷಾರ್ಲೆಟ್‌ನ ದಕ್ಷಿಣಕ್ಕೆ, ಬ್ಯಾಲಂಟೈನ್ ಹತ್ತಿರದ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ನಾನು ಕೆಲಸ ಮಾಡುತ್ತೇನೆ. ರೋಗಿಯ ಮೈಯಿಂದ ತೆಗೆದ ಚೂರನ್ನು ಮೇಣದಲ್ಲಿ ಕೂರಿಸಿ, ಕೂದಲಿಗಿಂತ ತೆಳ್ಳಗೆ ಕೊಯ್ದು, ಗಾಜಿನ ಮೇಲೆ ಹರಡಿ ಡಾಕ್ಟರಿಗೆ ಕೊಡುವುದು ನಮ್ಮ ಕೆಲಸ. ನಮ್ಮಪ್ಪ ಜೀವನವಿಡೀ ಬೇರೆಯವರ ಮಗ್ಗದಲ್ಲಿ ಸೀರೆ ನೇಯ್ದವನು. ನಮ್ಮ ಮನೆತನದಲ್ಲಿ ಹತ್ತನೇ ಕ್ಲಾಸು ಪಾಸಾದವಳೂ ನಾನೇ ಮೊದಲು, ಡಿಗ್ರಿ ಮಾಡಿದವಳೂ ನಾನೇ ಮೊದಲು. ಇಲ್ಲಿನ ಲ್ಯಾಬ್ ಸರ್ಟಿಫಿಕೇಟ್ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿ ಮೂರನೇ ಸಲಕ್ಕೆ ಪಾಸಾದೆ. ಈ ಮಾತನ್ನು ಅವಕಾಶ ಸಿಕ್ಕಲ್ಲೆಲ್ಲ ಹೇಳುತ್ತೇನೆ. ಇಲ್ಲಿಯೂ ಹೇಳಿದೆ.

ಕೊರೊನಾ ಇನ್ನೂ ಜೋರಾಗಿದ್ದಾಗ ಕೆಲಸಕ್ಕೆ ಸೇರಿದೆ. ಮೂರು ತಿಂಗಳು ಪಕ್ಕದಲ್ಲಿ ನಿಂತು ಕೈ ತಿದ್ದಿದವರು ಆ ಹಿರಿಯಾಕೆ. ಎಪ್ಪತ್ತು ದಾಟಿದ್ದರು, ನಿವೃತ್ತಿಯ ಅಂಚಿನಲ್ಲಿದ್ದರು. ಈ ಕಡೆ ವಯಸ್ಸಾದ ಹೆಂಗಸರನ್ನು ಹೆಸರಿಗೆ ಮೊದಲು ಮಿಸ್ ಸೇರಿಸಿ ಕರೆಯುತ್ತಾರೆ. ನಾನು ಹೆಸರು ಬಿಟ್ಟು ಬರೀ ಮಿಸ್ ಅನ್ನುತ್ತಿದ್ದೆ. "ಅಷ್ಟು ಗಟ್ಟಿಯಾಗಿ ಹಿಡೀಬೇಡ, ಬ್ಲೇಡು ನಿನ್ನ ಜೊತೆ ಜಗಳಕ್ಕೆ ಬಂದಿಲ್ಲ," ಅನ್ನುತ್ತಿದ್ದರು. ಮಕ್ಕಳಿಲ್ಲ, ಮದುವೆಯೂ ಆಗಿರಲಿಲ್ಲ. ಅವರು ಕೆಲಸ ಬಿಟ್ಟ ಮೇಲೂ ತಿಂಗಳಿಗೊಮ್ಮೆ ಫೋನ್ ಮಾಡುತ್ತಿದ್ದೆ.

2022ರ ಈಸ್ಟರ್ ಹತ್ತಿರ ಬಂದಾಗ ಅವರೇ ಫೋನ್ ಮಾಡಿದರು. ಮಂಡಿ ಆಪರೇಷನ್ ಆಗಿತ್ತು.

"ಶನಿವಾರ ಫ್ರೀ ಇದ್ದೀಯಾ? ನನ್ನ ಊರಿಗೆ ಡ್ರೈವ್ ಮಾಡಬೇಕು. ಕಲ್ಲು ತೊಳೀಬೇಕು."

"ಯಾವ ಕಲ್ಲು ಮಿಸ್?"

"ನಮ್ಮಮ್ಮಂದು, ನಮ್ಮಪ್ಪಂದು, ಇನ್ನೂ ಐದು ಜನರದ್ದು. ಬಕೆಟ್ ನಾನು ತರ್ತೀನಿ. ಬೆನ್ನು ನೀನು ತಾ."

ಷಾರ್ಲೆಟ್‌ನಿಂದ ಉತ್ತರಕ್ಕೆ ಒಂದೂವರೆ ಗಂಟೆ. ಅಮೆರಿಕ ಎಂಬ ದೇಶ ಹುಟ್ಟುವ ಮುಂಚೆಯೇ ಅಲ್ಲಿಗೆ ಬಂದು ನೆಲೆಸಿದ ಜರ್ಮನ್ ಮಾತಿನ ಕ್ರೈಸ್ತರ ಊರು. ಅವರ ಸಮಾಧಿ ತೋಟ ನೋಡಿ ಕಾರಿನ ಬಾಗಿಲ ಹತ್ತಿರವೇ ನಿಂತುಬಿಟ್ಟೆ. ಒಂದು ಶಿಲುಬೆಯೂ ಎದ್ದು ನಿಂತಿಲ್ಲ, ಒಂದು ದೇವದೂತನ ಬೊಂಬೆಯೂ ಇಲ್ಲ. ಹುಲ್ಲಿನಲ್ಲಿ ಮಲಗಿಸಿಟ್ಟ ಬಿಳಿ ಚೌಕದ ಕಲ್ಲುಗಳು, ಎಲ್ಲ ಒಂದೇ ಅಳತೆ, ಸಾಲು ಸಾಲಾಗಿ ಗುಡ್ಡದ ಇಳಿಜಾರಿನವರೆಗೆ. ಆ ಶನಿವಾರ ಊರಿಗೆ ಊರೇ ಅಲ್ಲಿತ್ತು. ಬ್ರಶ್ಶು, ಬಕೆಟ್ಟು, ಡ್ಯಾಫೊಡಿಲ್ ಹೂವಿನ ಕಟ್ಟು ಹಿಡಿದು ಅಜ್ಜಂದಿರು, ಮೊಮ್ಮಕ್ಕಳು ಮೊಣಕಾಲೂರಿ ಕಲ್ಲು ಉಜ್ಜುತ್ತಿದ್ದರು. ಮರುದಿನ ಬೆಳಕು ಹರಿಯುವ ಹೊತ್ತಿಗೆ ಎಲ್ಲರೂ ಅಲ್ಲಿಯೇ ಸೇರಿ, ಕರ್ತನು ಎದ್ದಿದ್ದಾನೆ ಎಂದು ಸಾರುತ್ತಾರೆ. ತೋಟದ ನಾಲ್ಕು ಮೂಲೆಯಿಂದ ಹಿತ್ತಾಳೆಯ ಕಹಳೆಗಳು ಒಂದಕ್ಕೊಂದು ಉತ್ತರ ಕೊಡುತ್ತವೆ.

"ನಾಳೆ ಎದ್ದು ಬಂದ್ರೆ ಮುಖ ತೊಳೆದಿರಬೇಕಲ್ಲ," ಅಂದರು ಮಿಸ್.

ಇಲ್ಲಿ ಮನೆತನಕ್ಕೊಂದು ಜಾಗ ಅಂತ ಇಲ್ಲ. ಗಂಡಸರ ಸಾಲು ಬೇರೆ, ಹೆಂಗಸರ ಸಾಲು ಬೇರೆ. ಯಾರು ಮೊದಲು ಸತ್ತರೋ ಅವರು ಮೊದಲು. ಹಾಗಾಗಿ ಅವರ ಅಮ್ಮ ಒಂದು ಕಡೆ, ಅಪ್ಪ ಇನ್ನೊಂದು ಕಡೆ, ಕೂಸಾಗಿದ್ದಾಗಲೇ ಹೋದ ತಂಗಿ ಮಕ್ಕಳ ಸಾಲಿನಲ್ಲಿ. ಪೆನ್ಸಿಲಿನಲ್ಲಿ ಗುರುತು ಹಾಕಿದ ಒಂದು ಹಳೆಯ ಕಾಗದವನ್ನು ಪರ್ಸಿನಿಂದ ತೆಗೆದು, ಊರುಗೋಲು ಊರುತ್ತ ದಾರಿ ತೋರಿಸಿದರು.

"ರಾಜನಾಗ್ಲಿ ರೈತನಾಗ್ಲಿ ಒಂದೇ ಕಲ್ಲು. ನಮಗೆ ಅದರ ಹೆಮ್ಮೆ," ಅಂದರು. ಆಮೇಲೆ ಊರುಗೋಲನ್ನು ದೂರಕ್ಕೆ ಚಾಚಿ, "ಹಾಗಂತ ಗುಲಾಮರನ್ನ ಬೇರೆ ಕಡೆ ಹೂಳಿದ್ವಿ. ಅದನ್ನೂ ಹೇಳಬೇಕು," ಅಂದರು.

ನಾನು ತಲೆಯಾಡಿಸಿದೆ. ಊರಿನ ನಮ್ಮ ಕ್ರೈಸ್ತ ಸಭೆಯಲ್ಲೂ ಮುಂದಿನ ಬೆಂಚು ಯಾರದು, ಹಿಂದಿನ ಚಾಪೆ ಯಾರದು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಬೆಟಗೇರಿಯಲ್ಲೂ ಹಬ್ಬದ ಹಿಂದಿನ ದಿನ ಗೋರಿಗಳಿಗೆ ಸುಣ್ಣ ಹೊಡೆಯುತ್ತೇವೆ, ಬೆಳಗಿನ ಜಾವ ಮೇಣದಬತ್ತಿ ಹಚ್ಚಿ ಕೀರ್ತನೆ ಹಾಡುತ್ತೇವೆ. ಆದರೆ ಕಲ್ಲು ಇರುವುದು ಸಭೆ ನಡೆಸುವ ಅಯ್ಯನವರ, ಹೆಡ್‌ಮಾಸ್ತರರ ಮನೆತನಕ್ಕೆ. ನಮ್ಮಂಥವರದು ಮಣ್ಣಿನ ದಿಬ್ಬ. ಕೆಲವು ವರ್ಷ ಕಳೆದರೆ ದಿಬ್ಬ ಕೂರುತ್ತದೆ, ಜಾಗ ಸಾಲದೆ ಅಲ್ಲೇ ಮತ್ತೊಬ್ಬರನ್ನು ಇಡುತ್ತಾರೆ. ನಮ್ಮಜ್ಜಿಯ ಜಾಗದಲ್ಲಿ ಈಗ ಬೇರೆಯವರಿದ್ದಾರೆ. ಯಾರನ್ನೂ ದೂರುವಂತಿಲ್ಲ, ಜಾಗ ಇದ್ದದ್ದೇ ಅಷ್ಟು. ಆದರೂ ಮಿಸ್ ಅವರ ಅಮ್ಮನ ಕಲ್ಲಿನ ಅಕ್ಷರಗಳಲ್ಲಿ ಹಲ್ಲುಜ್ಜುವ ಬ್ರಶ್ ಆಡಿಸುತ್ತಿದ್ದಾಗ, ಹೆಸರು ಹುಟ್ಟು ಸಾವು ಎಲ್ಲ ನೆಟ್ಟಗೆ ಓದಲು ಸಿಗುತ್ತಿದ್ದಾಗ, ಇಂಥದ್ದು ನನಗೂ ಬೇಕು ಅನಿಸಿತು. ಸಾಯುವುದಕ್ಕಲ್ಲ, ತೊಳೆಯುವುದಕ್ಕೆ.

ಏಳನೆಯ ಕಲ್ಲು ಮುಗಿದಾಗ ಮಿಸ್ ಮಡಚುವ ಕುರ್ಚಿಯಲ್ಲಿ ಕೂತು, "ನನ್ನ ನಂತರ ಇವಕ್ಕೆ ಯಾರಾದ್ರೂ ಬೇಕು," ಅಂದರು. ನೀನು ಎಂದು ಅವರು ಹೇಳಲಿಲ್ಲ. ನಾನು ಮಾತ್ರ ಹಾಗೇ ಕೇಳಿಸಿಕೊಂಡೆ.

ಮನೆಗೆ ಬಂದು ಬಾಯಿ ಮುಚ್ಚಿಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ನಾವು ಹನ್ನೆರಡು ಕನ್ನಡ ಕ್ರೈಸ್ತ ಕುಟುಂಬಗಳು ತಿಂಗಳಿಗೆರಡು ಭಾನುವಾರ ಒಂದು ಅಮೆರಿಕನ್ ಚರ್ಚಿನ ಹಾಲಿನಲ್ಲಿ ಸೇರುತ್ತೇವೆ. ಅಲ್ಲಿ ಆರಾಧನೆ ಮುಗಿದು ಪಲಾವ್ ತಿನ್ನುವಾಗ ಈ ಸುದ್ದಿಯನ್ನು ಸ್ವಲ್ಪ ಜಂಬದಿಂದಲೇ ಹೇಳಿದೆ. ಮುಂದಿನ ವರ್ಷ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು, ಲೆಂಟ್, ಬಂದಾಗ ಆ ಗುಂಪಿನಲ್ಲಿ ನಾನು ಅಕ್ಕಾರು ಎಂದು ಕರೆಯುವ ಹಿರಿಯರೊಬ್ಬರು ಅದನ್ನು ನೆನಪಿಟ್ಟುಕೊಂಡಿದ್ದರು.

ಅಕ್ಕಾರು ಧಾರವಾಡದವರು. ತಾತ ಅಯ್ಯನವರು, ಮುತ್ತಾತ ಉಪದೇಶಿ, ಅಪ್ಪ ಪ್ರೊಫೆಸರು. ಬ್ಯಾಲಂಟೈನ್‌ನ ಒಂದು ಬ್ಯಾಂಕಿನಲ್ಲಿ ಪ್ರಾಜೆಕ್ಟ್ ಮ್ಯಾನೇಜರ್. ಹಾಡುತ್ತಾರೆ, ಕೀಬೋರ್ಡ್ ನುಡಿಸುತ್ತಾರೆ, ಯಾರ ಮನೆಯಲ್ಲಿ ಕಾಯಿಲೆಯಾದರೂ ಮೊದಲ ಡಬ್ಬಿ ಅವರ ಮನೆಯಿಂದಲೇ ಬರುತ್ತದೆ. ದ್ವೇಷಿಸಲು ಒಂದು ಕಾರಣವನ್ನೂ ಕೊಡದ ಮನುಷ್ಯರನ್ನು ಸಹಿಸುವುದು ಬಹಳ ಕಷ್ಟ.

"ತಂಗೀ, ಈ ಸಲ ನನ್ನೂ ಕರಕೊಂಡ್ ಹೋಗವಾ. ಡ್ರೈವ್ ನಾ ಮಾಡ್ತೀನಿ," ಅಂದರು. ಹೂಂ ಅಂದೆ.

ಹೋಗಿ ಅರ್ಧ ಗಂಟೆಯೂ ಆಗಿರಲಿಲ್ಲ. ಕಲ್ಲು ಉಜ್ಜುತ್ತ ಅಕ್ಕಾರು ಒಂದು ಈಸ್ಟರ್ ಕೀರ್ತನೆ ಗುನುಗಿದರು. ಕುರ್ಚಿಯಲ್ಲಿದ್ದ ಮಿಸ್ ತಟ್ಟನೆ ತಲೆಯೆತ್ತಿ, ಅದೇ ರಾಗಕ್ಕೆ ಇಂಗ್ಲಿಷ್ ಮಾತು ಸೇರಿಸಿ ಕೆಳಗಿನ ಸ್ವರದಲ್ಲಿ ಹಾಡತೊಡಗಿದರು. ಜರ್ಮನಿಯಿಂದ ಹೊರಟ ರಾಗ, ಒಂದು ಕವಲು ಕೆರೊಲಿನಾಕ್ಕೆ, ಇನ್ನೊಂದು ಕವಲು ಮಿಷನರಿಗಳ ಹಡಗು ಹತ್ತಿ ಧಾರವಾಡಕ್ಕೆ. ಇನ್ನೂರು ವರ್ಷ ಬಿಟ್ಟು ಎರಡೂ ಒಂದು ಹುಲ್ಲಿನ ಮೇಲೆ ಕೂಡಿದವು. ಎಂಥ ಚೆಂದದ ಗಳಿಗೆ! ಬೇರೆ ಯಾರಿಗಾದರೂ ಕಣ್ಣಲ್ಲಿ ನೀರು ಬರುತ್ತಿತ್ತು. ನನಗೆ ಬಂದದ್ದು ಒಂದೇ ಯೋಚನೆ: ಈ ಕೀರ್ತನೆ ನನಗೂ ಬರುತ್ತದೆ, ಚಾಪೆಯ ಮೇಲೆ ಕೂತು ಕಲಿತಿದ್ದೇನೆ. ಆದರೆ ನಾನು ಹಾಡಿದರೆ ಸ್ವರ ಎಲ್ಲೆಲ್ಲಿಗೋ ಹೋಗುತ್ತದೆ, ಆದ್ದರಿಂದ ಹಾಡಲಿಲ್ಲ. ಅವರಿಬ್ಬರೂ ಹಾಡಿದರು, ನಾನು ಉಜ್ಜಿದೆ.

ಬರುವಾಗ ಮಿಸ್ ಅಕ್ಕಾರಿಗೆ ತಮ್ಮ ಅಮ್ಮನ ಕೈಬರಹದ ಆಲೂಗಡ್ಡೆ ಹಾಕಿದ ಸಕ್ಕರೆ ಕೇಕಿನ ರೆಸಿಪಿ ಕೊಟ್ಟರು. ಆಮೇಲೆ ಫೋನುಗಳು ಶುರುವಾದವು. "ನಿನ್ನೆ ಮಿಸ್ ಜೋಡಿ ಒಂದ್ ತಾಸು ಮಾತಾಡಿದೆ ನೋಡು," ಎಂದು ಅಕ್ಕಾರು ಯಾವ ಕಪಟವೂ ಇಲ್ಲದೆ ನನಗೇ ಹೇಳುತ್ತಿದ್ದರು. ನನ್ನ ತಿಂಗಳ ಫೋನು ಹತ್ತು ನಿಮಿಷಕ್ಕೆ ಮುಗಿಯುತ್ತಿತ್ತು. ಕ್ರಿಸ್ಮಸ್ ಹೊತ್ತಿಗೆ ಆ ಪೆನ್ಸಿಲಿನ ಕಾಗದವೂ ಅಕ್ಕಾರ ಕೈಗೆ ಬಂತು. ಅವರು ಅದನ್ನು ಎಕ್ಸೆಲ್‌ಗೆ ಹಾಕಿ, ಗಂಡಸರ ಸಾಲಿಗೆ ನೀಲಿ, ಹೆಂಗಸರ ಸಾಲಿಗೆ ಹಳದಿ ಬಣ್ಣ ತುಂಬಿ, ಲ್ಯಾಮಿನೇಟ್ ಮಾಡಿಸಿ ತಂದು ತೋರಿಸಿದರು. ನನಗೂ ಒಂದು ಕಾಪಿ. ನನ್ನ ಮಿಸ್ ಕಡೆಯ ಏಳು ಜನರು ಮ್ಯಾನೇಜರಮ್ಮನ ಸ್ಪ್ರೆಡ್‌ಶೀಟಿನಲ್ಲಿ!

"ನಿಂಗ್ಯಾಕೆ ಇದೆಲ್ಲ? ಯಾರದೋ ಕಲ್ಲು, ಯಾರೋ ತೊಳೀತಾರೆ. ಬಿಡು ಅತ್ಲಾಗೆ," ಅಂದರು ನನ್ನ ಯಜಮಾನರು. ಮೈಸೂರಿನವರು, ಯಾವುದಕ್ಕೂ ಉರಿಯದ ಜಾತಿ.

"ನಾನ್ ಪರಿಚಯ ಮಾಡ್ಸಿದ್ದು. ನಾನು!"

"ಪರಿಚಯ ಮಾಡ್ಸಿದ್ದಕ್ಕೆ ಕಮಿಷನ್ ಬೇಕಾ?"

2024ರ ಶುಭ ಶುಕ್ರವಾರ ನಮ್ಮ ಪಾಸ್ಟರು ಪ್ರಸಂಗದಲ್ಲಿ ಒಂದು ಮಾತಿನ ಮೇಲೆ ನಿಂತರು. ಮಹಾಯಾಜಕರು ಯೇಸುವನ್ನು ತನಗೆ ಒಪ್ಪಿಸಿದ್ದು ಹೊಟ್ಟೆಕಿಚ್ಚಿನಿಂದ ಎಂದು ವಿಚಾರಣೆ ನಡೆಸಿದ ದೇಶಾಧಿಪತಿಗೆ ಗೊತ್ತಿತ್ತಂತೆ. ಧರ್ಮದ ವಾದ, ರಾಜದ್ರೋಹದ ಆಪಾದನೆ, ಎಲ್ಲ ಮೇಲಿನ ಮಾತು, ತಳದಲ್ಲಿದ್ದದ್ದು ಅದೊಂದೇ. "ಶಿಲುಬೆಗೆ ಮೊಳೆ ಹೊಡೆಯೋಕೆ ದೊಡ್ಡ ಪಾಪಿಗಳೇ ಬೇಕಾಗಿಲ್ಲ," ಅಂದರು ಪಾಸ್ಟರು. ಒಳ್ಳೆಯ ಪ್ರಸಂಗ ಅಂದುಕೊಂಡೆ. ಎರಡು ಬೆಂಚು ಮುಂದೆ ಅಕ್ಕಾರ ತಲೆ ಕಾಣುತ್ತಿತ್ತು. ಅದನ್ನೇ ನೋಡುತ್ತ ಕೇಳಿದೆ.

ಆ ಸಂಜೆ ಮನೆಯಲ್ಲಿ ಹುಣಸೆಹಣ್ಣು ನೆನೆಹಾಕಿದೆ.

ನಮ್ಮವ್ವ ಹಬ್ಬಕ್ಕೆ ಹಿತ್ತಾಳೆ ಕೊಡವನ್ನು ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿದರೆ ಬೀದಿಯಲ್ಲೇ ಅಂಥ ಹೊಳಪು ಇರುತ್ತಿರಲಿಲ್ಲ. ಆ ವರ್ಷ ಮಿಸ್ ಅವರನ್ನು ಅಕ್ಕಾರೇ ಕಾರಿನಲ್ಲಿ ಕರೆದುಕೊಂಡು ಬರುವುದೆಂದು ಇಬ್ಬರೂ ಸೇರಿ ನಿಶ್ಚಯಿಸಿದ್ದರು. ಆಗಲಿ. ನಾನು ಒಂದು ಗಂಟೆ ಮುಂಚೆ ಹೋಗಿ ಅಮ್ಮನ ಕಲ್ಲನ್ನು ಯಾರೂ ಕಂಡಿರದಷ್ಟು ಬೆಳ್ಳಗೆ ಮಾಡಿಟ್ಟಿರುತ್ತೇನೆ. ಮಿಸ್ ನೋಡಲಿ, ಯಾರ ಕೈ ಎಂಥದು ಅಂತ.

ಹಿಂಡುತ್ತಿದ್ದಾಗ ಮಗಳು ಅಡುಗೆಮನೆಗೆ ಬಂದಳು. "ಅಮ್ಮಾ, ಸಾಂಬಾರಾ?"

"ಅಲ್ಲ, ಕಲ್ಲಿಗೆ."

"ಓಕೆ. ದಟ್ಸ್ ವಿಯರ್ಡ್," ಎಂದು ಹೋದಳು.

ಶನಿವಾರ ಬೆಳಿಗ್ಗೆ ತೋಟದಲ್ಲಿ ಜನ ಇನ್ನೂ ಕಡಿಮೆ. ಅಮ್ಮನ ಕಲ್ಲಿನ ಮೇಲೆ ಹುಳಿಯನ್ನು ದಪ್ಪಗೆ ಬಳಿದು, ಉಪ್ಪು ಉದುರಿಸಿ, ಮೂಲೆ ಮೂಲೆಗೆ ಒತ್ತಿ, ನೆನೆಯಲಿ ಎಂದು ಬಿಟ್ಟೆ. ಸ್ವಲ್ಪ ಹೊತ್ತಿಗೆ ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆ ಏಳತೊಡಗಿದವು. ಕೊಳೆ ಬಿಡುತ್ತಿದೆ ಎಂದು ಖುಷಿಪಟ್ಟೆ.

ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಲ್ಯಾಬಿಗೆ ಮೂಳೆಯ ಚೂರು ಬಂದರೆ ಅದು ಹಾಗೆಯೇ ಬ್ಲೇಡಿಗೆ ಬಗ್ಗುವುದಿಲ್ಲ. ಮೊದಲು ಆಸಿಡ್‌ನಲ್ಲಿ ಮುಳುಗಿಸಿ ಅದರ ಸುಣ್ಣವನ್ನು ಕರಗಿಸಬೇಕು. ಸುಣ್ಣ ಕರಗುವಾಗ ಸಣ್ಣ ಸಣ್ಣ ಗುಳ್ಳೆ ಏಳುತ್ತವೆ. ವಾರಕ್ಕೆ ಎಷ್ಟೋ ಸಲ ಆ ಗುಳ್ಳೆಗಳನ್ನು ನೋಡುತ್ತ ನಿಂತಿರುತ್ತೇನೆ. ಆ ಗೋರಿಯ ಅಮೃತಶಿಲೆಯೂ ಸುಣ್ಣವೇ, ಹುಣಸೆಯೂ ಆಸಿಡ್ಡೇ. ಮೂರು ಸಲ ಪರೀಕ್ಷೆ ಬರೆದು ಕಲಿತದ್ದು, ಜಂಬದಿಂದ ಹೇಳಿಕೊಳ್ಳುವುದು, ಅಷ್ಟೂ ಆ ಬೆಳಿಗ್ಗೆ ನನ್ನ ತಲೆಯಲ್ಲಿರಲಿಲ್ಲ. ತಲೆಯಲ್ಲಿದ್ದದ್ದು ಅಕ್ಕಾರು.

ನೀರು ಹುಯ್ದಾಗ ಕಲ್ಲು ಹಾಲಿನಂತೆ ಬೆಳ್ಳಗಿತ್ತು. ಬಿಸಿಲಿಗೆ ಒಣಗುತ್ತ ಬಂದ ಹಾಗೆ ಬೇರೆಯೇ ಆಯಿತು. ಹೊಳಪು ಸತ್ತು ಬಳಪದಂತೆ ಮಂಕಾಯಿತು, ನಡುನಡುವೆ ಕಂದು ಕಲೆ. ಅಂಗೈ ಸವರಿದರೆ ಉಪ್ಪುಕಾಗದದಂತೆ ತರಿತರಿ. ಮೊದಲೇ ಸವೆದಿದ್ದ ಅಕ್ಷರಗಳ ಅಂಚು ಮೊಂಡಾಗಿತ್ತು. ಆಗ ಗೊತ್ತಾಯಿತು. ಮತ್ತೆ ನೀರು ಹುಯ್ದೆ, ಮತ್ತೆ ಹುಯ್ದೆ. ಹೋದ ಕಲ್ಲು ನೀರಿಗೆ ಬರುತ್ತದೆಯೇ?

ಅಷ್ಟರಲ್ಲಿ ಅವರಿಬ್ಬರೂ ಬಂದರು. ಮಿಸ್ ಈಗ ವಾಕರ್ ಹಿಡಿದಿದ್ದರು. ಅಮ್ಮನ ಕಲ್ಲಿನ ಮುಂದೆ ನಿಂತು ಬಹಳ ಹೊತ್ತು ನೋಡಿದರು. "ಹೋದ ವರ್ಷ ಹೀಗಿರಲಿಲ್ಲ," ಅಂದರು.

ಅಕ್ಕಾರು ಬಗ್ಗಿ ಕಲ್ಲು ಮುಟ್ಟಿ, ಬೆರಳು ಮೂಸಿ ನೋಡಿದರು. ನನ್ನ ಕಡೆ ತಿರುಗಿ ಮೆಲ್ಲಗೆ, "ಹುಣಸಿಹಣ್ಣು ಹಚ್ಚೀ ಏನವಾ?" ಅಂದರು.

ನಾನು ಬಕೆಟ್ಟಿನಲ್ಲಿ ಉಳಿದ ನೀರನ್ನೂ ಕಲ್ಲಿನ ಮೇಲೆ ಹುಯ್ದೆ.

"ಏನಂತಾಳೆ?" ಮಿಸ್ ಕೇಳಿದರು.

ಅಕ್ಕಾರು ಒಂದು ಗಳಿಗೆಯೂ ತಡಮಾಡದೆ ಇಂಗ್ಲಿಷಿನಲ್ಲಿ, "ಚಳಿಗಾಲದ ಮಳೆಗೆ ಹಳೇ ಕಲ್ಲು ಹೀಗಾಗುತ್ತಂತೆ ಮಿಸ್. ಎಲ್ಲ ಕಡೆ ಆಗ್ತಿದೆಯಂತೆ," ಅಂದುಬಿಟ್ಟರು. ಆಮೇಲೆ ಕನ್ನಡದಲ್ಲಿ, "ನೀ ಸುಮ್ನಿರು. ಆಗಿದ್ದು ಆತು. ಮುದುಕೀಗೆ ಯಾಕ ಸಂಕಟ?"

ಆಗ ನನಗೆ ಬಂದ ಸಿಟ್ಟು! ನನ್ನ ತಪ್ಪು ಮುಚ್ಚುವ ಒಳ್ಳೆಯತನವೂ ಅವರದೇ. ನನಗಾಗಿ ಸುಳ್ಳು ಹೇಳಿದ ಪುಣ್ಯವೂ ಅವರಿಗೇ. ಬಾಯಿ ಮುಚ್ಚಿಕೊಂಡರೆ ಕಲ್ಲು ತೊಳೆಯುವ ಹಕ್ಕು ಉಳಿಯುತ್ತಿತ್ತು, ಆದರೆ ಜೀವನಪೂರ್ತಿ ಅವರ ಋಣದಲ್ಲಿ. ಪಶ್ಚಾತ್ತಾಪದಿಂದ ಒಪ್ಪಿಕೊಂಡೆ ಎಂದು ಬರೆದರೆ ಅದು ಸುಳ್ಳಾಗುತ್ತದೆ. ಅಕ್ಕಾರಿಗೆ ಇದೊಂದನ್ನಾದರೂ ಬಿಟ್ಟುಕೊಡಬಾರದು ಎಂಬ ಹಟದಿಂದಲೇ ಬಾಯಿ ತೆರೆದೆ.

"ಮಳೆ ಅಲ್ಲ ಮಿಸ್. ನಾನು ಮಾಡಿದ್ದು. ಹುಳಿ ಹಚ್ಚಿದೆ. ಇವರು ತೊಳೆದದ್ದಕ್ಕಿಂತ ಬೆಳ್ಳಗಾಗಲಿ ಅಂತ."

ಸಿಟ್ಟು ಎಲ್ಲಿ ಹೋಯಿತೋ, ಬರೀ ಭಯ ಉಳಿಯಿತು. ಮಿಸ್ ನನ್ನ ಮುಖ ನೋಡಲಿಲ್ಲ. ವಾಕರ್ ಬಿಟ್ಟು, ಅಕ್ಕಾರ ಭುಜ ಹಿಡಿದು, ಕಷ್ಟಪಟ್ಟು ಹುಲ್ಲಿನ ಮೇಲೆ ಕೂತರು. ಅಮ್ಮನ ಹೆಸರಿನ ಮೇಲೆ ಬೆರಳಾಡಿಸಿದರು, ಕುರುಡರು ಮುಖ ಮುಟ್ಟಿ ನೋಡುವ ಹಾಗೆ.

"ಹುಳಿ," ಅಂದರು ಕೊನೆಗೆ. "ನನ್ನ ಕೈಯಲ್ಲಿ ಕಲಿತವಳು."

ಬೈದಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ಅವರು ಹೂವಿನ ಕಟ್ಟು ತರಿಸಿ ಕಲ್ಲಿನ ತಲೆಯ ಬದಿಗೆ ಇಟ್ಟರು. ಉಳಿದ ಆರು ಕಲ್ಲುಗಳನ್ನು ಅಕ್ಕಾರೇ ತೊಳೆದರು. ನಾನು ನೀರು ಹೊತ್ತೆ. ಹೊರಡುವಾಗ ಮಿಸ್ ಕಾರಿನ ಬಾಗಿಲು ಹಿಡಿದು ನಿಂತು ಹೇಳಿದರು: "ಆರು ಅವಳಿಗೆ. ಅಮ್ಮಂದು ನಿನಗೆ. ಬರೀ ನೀರು. ನಾನು ಹೋದ ಮೇಲೂ ಬರೀ ನೀರು."

ನನಗೆ ಸಿಕ್ಕಿತು. ಬೇಕೆಂದು ಹಂಬಲಿಸಿದ್ದು ನನಗೆ ಸಿಕ್ಕಿತು. ಆದರೂ ಮನಸ್ಸು ಮೊದಲು ಹೇಳಿದ್ದು ಏನು? ಅವರಿಗೆ ಆರು, ನನಗೆ ಒಂದು.

ಮರುದಿನ ಮುಂಜಾನೆಯ ಮಂಜಿನಲ್ಲಿ ಅದೇ ತೋಟಕ್ಕೆ ಬಂದು ಸಾವಿರಾರು ಜನರ ನಡುವೆ ನಿಂತು, ಎದ್ದು ಬಂದ ಯೇಸು ಕೆರೆಯ ದಡದಲ್ಲಿ ಮೀನು ಸುಟ್ಟು ಶಿಷ್ಯರಿಗೆ ಬಡಿಸಿದ ಕಥೆಯನ್ನು ನೆನೆಯುತ್ತಿದ್ದೆ. ಊಟವಾದ ಮೇಲೆ ಆತ ಅವರಲ್ಲೊಬ್ಬನಿಗೆ ತನ್ನ ಕುರಿಗಳನ್ನು ಒಪ್ಪಿಸುತ್ತಾನೆ. ಮೂರು ಸಲ ತನ್ನನ್ನು ಅರಿಯೆನೆಂದವನಿಗೆ! ಆದರೆ ಕೆಲಸ ಸಿಕ್ಕವನು ಮಾಡಿದ್ದೇನು? ಹಿಂದಿರುಗಿ, ಯೇಸುವಿಗೆ ಬಹಳ ಪ್ರಿಯನಾಗಿದ್ದ ಇನ್ನೊಬ್ಬನನ್ನು ನೋಡಿ, ಇವನ ವಿಷಯ ಏನು ಎಂದು ಕೇಳಿದ. ಅದು ನಿನಗೇಕೆ ಎಂಬಂತೆ ಉತ್ತರ ಬಂತು. ಎಷ್ಟು ಸಲ ಕೇಳಿದ ಕಥೆ! ಸಾವನ್ನು ಗೆದ್ದವನು ಎದುರಿಗೇ ನಿಂತಿದ್ದಾನೆ, ಮೀನಿನ ವಾಸನೆ ಇನ್ನೂ ಕೈಯಲ್ಲಿದೆ, ಆಗಲೂ ಇವನ ಕಣ್ಣು ಪಕ್ಕದವನ ಮೇಲೆ. ಅಂಥವನಿಗೇ ಕುರಿ ಕಾಯಲು ಕೊಟ್ಟದ್ದು; ಕೊಟ್ಟದ್ದನ್ನು ವಾಪಸ್ ತೆಗೆದುಕೊಳ್ಳಲೂ ಇಲ್ಲ.

ಕಳೆದ ಈಸ್ಟರ್‌ಗೆ ಮತ್ತೆ ಮೂವರೂ ಹೋದೆವು. ತರಿತರಿಯಾದ ಕಲ್ಲು ಕೊಳೆಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ ಎಂಬುದು ಆಗ ತಿಳಿಯಿತು. ಬೇರೆ ಕಲ್ಲುಗಳು ಬರೀ ಮಾಸಿದ್ದವು. ನನ್ನದರ ಮೇಲೆ ಹಸಿರು ಪಾಚಿ ಬೇರು ಬಿಟ್ಟಿತ್ತು. ಅಕ್ಕಾರು ತಮ್ಮ ಆರನ್ನು ಮುಗಿಸಿ, ಕೈ ಒರೆಸಿಕೊಂಡು, ಮಿಸ್ ಪಕ್ಕದಲ್ಲಿ ಕೂತು ಫ್ಲಾಸ್ಕಿನ ಚಹಾ ಬಗ್ಗಿಸಿದರು. ನಾನಿನ್ನೂ ಅಮ್ಮನ ಹೆಸರಿನ ಮೂರನೇ ಅಕ್ಷರದಲ್ಲಿದ್ದೆ. ಅವರಿಬ್ಬರ ನಗು ಕೇಳಿಸುತ್ತಿತ್ತು. ಏನಕ್ಕೆ ನಗುತ್ತಿದ್ದಾರೆ ಎಂದು ಕಿವಿ ಅತ್ತ ಹೋಗುತ್ತಿತ್ತು, ಅದನ್ನು ಎಳೆದು ತಂದು ಮತ್ತೆ ಬ್ರಶ್ಶಿಗೆ ನೀರು ಅದ್ದುತ್ತಿದ್ದೆ.

"ಮುಗೀತೇನವಾ?" ಅಕ್ಕಾರು ಕೂಗಿದರು. "ನಾ ಬರ್ಲೇನು ಕೈ ಹಚ್ಚಾಕ?"

"ಬ್ಯಾಡ್ರಿ ಅಕ್ಕಾರ. ಕುಂದರ್ರಿ. ಇನ್ನೂ ಬಾಳ ಅದ."

ಮಿಸ್ ಅವರಿಗೆ ಕನ್ನಡ ತಿಳಿಯುವುದಿಲ್ಲ. ಆದರೂ ಅಕ್ಕಾರನ್ನು ಏನು ಎಂದು ಕೇಳಲಿಲ್ಲ. ವಾಕರ್ ತಳ್ಳಿಕೊಂಡು ಬಂದು, ನನ್ನ ನೆರಳಿನ ಪಕ್ಕದಲ್ಲಿ ನಿಂತು, ನಾನು ನಾಲ್ಕನೇ ಅಕ್ಷರ ಶುರುಮಾಡುವುದನ್ನು ನೋಡುತ್ತಿದ್ದರು.